ಸಮಸ್ಯಾಪೂರಣ: ಏಳನೆಯ ಹೆಜ್ಜೆಯಲ್ಲಿ ಒಂದೇ ಮೊಗ

ಪುಣೆಯಿಂದ ಸಮಸ್ಯೆ:
ಪದ್ಯಾಸಕ್ತರಿಗೆ ವಂದನೆಗಳು. ಕೆಳಗಿನ ಸಾಲು ಭಾಮಿನಿ ಷಟ್ಪದಿಯ ಕೊನೆಯ ಪಾದವಾಗಿ ಬರಬೇಕು, ಪ್ರಾಸಾಕ್ಷರ ಳಕಾರ. ಉಳಿದ ಪಾದಗಳನ್ನು ಕಟ್ಟಿ ಪದ್ಯವನ್ನು ತುಂಬಿಸುವ ಪೂರಣವು ಒಂದೇ ಒಂದು ಸಂಖ್ಯೆಯನ್ನು ಕುರಿತಿರಬೇಕು, ಆ ಸಂಖ್ಯೆಯನ್ನು ಪದ್ಯದೊಳಗೇ ಭೂತಸಂಖ್ಯೆಯಲ್ಲಿ, ಎಂದರೆ ಅಂಕಿಗಳ ಬದಲು ಅವನ್ನು ಸೂಚಿಸುವ ವಸ್ತುಗಳ ಹೆಸರುಗಳಲ್ಲಿ, ಹೇಳಿರಬೇಕು.

ಏಳನೆಯ ಹೆಜ್ಜೆಯಲಿ ಕುಣಿವಾರ್ವರಿಗು ಮೊಗವೊಂದೇ

ಮಾಟುಂಗದಿಂದ ಪೂರಣ:

ಕೇಳಿ ಋಷಿಶರಗಜನಯನಯುಗ
ಮೇಳದೊಳು ಶಶಿ ಸೇರೆ ನರ್ತನ
ತಾಳದೊಂದೊಂದಡಿಗು ಸಾಲಿದು ತಿರುಗಿ ಬರುತಿರಲು
ಬಾಳಿ ನಿಜರೂಪದೊಳಗಾರಡಿ
ತಾಳಿದುವು ನವವೇಷವೆಲ್ಲವು
ಏಳನೆಯ ಹೆಜ್ಜೆಯಲಿ ಕುಣಿವಾರ್ವರಿಗು ಮೊಗವೊಂದೇ

ಕುಣಿಯುವವರು 142857 ಎಂಬ ಸಂಖ್ಯೆಯ ಆರು ಅಂಕಿಗಳು. ಎರಡರಿಂದ ಗುಣಿಸಿದರೆ 285714, ಮೂರರಿಂದ ಗುಣಿಸಿದರೆ 428571, ಹೀಗೆ ಆರರವರೆಗೂ ಅವೇ ಅಂಕಿಗಳು ಸರದಿ ಕೆಡದೆ ಕೋಲಾಟದವರಂತೆ ಜಾಗ ಬದಲಿಸುತ್ತ ಬರುತ್ತವೆ. ಏಳರಿಂದ ಗುಣಿಸಿದೊಡನೆ 999999 ಆಗುತ್ತದೆ. ‘ನವ’ ಎಂಬಲ್ಲಿ ಹೊಸತು, ಒಂಬತ್ತು ಎಂಬ ಎರಡೂ ಅರ್ಥಗಳನ್ನು ಇಟ್ಟಿದ್ದೇನೆ.

ಮಡಗಾಂವಿನಿಂದ ಆಕ್ಷೇಪ:
ಶ್ಲೇಷ ಸೊಗಸಾಗಿದೆ. ಆದರೆ ಋಷಿ ಏಳು, ಶರ ಐದು, ಗಜ ಎಂಟು, ನಯನ ಎರಡು, ಯುಗ ನಾಲ್ಕು, ಶಶಿ ಒಂದು ಎಂದು ಬರೆಯುತ್ತ ಹೋದಾಗ ನನಗೆ ದೊರೆತದ್ದು 758241. ಅದನ್ನು ಏಳರಿಂದ ಗುಣಿಸಿದರೆ 5307687 ಬರುತ್ತದೆಯೇ ಹೊರತು ಒಂಬತ್ತುಗಳ ಸಾಲು ಬರುವುದಿಲ್ಲ. ಅಂಕಿಗಳು ಹೀಗೆ ಸುತ್ತುವುದೇಕೆ ಎಂಬುದನ್ನೂ ತಾವು ತಿಳಿಸಬೇಕು.

ಮಾಟುಂಗದಿಂದ ಉತ್ತರ:
‘ಅಂಕಾನಾಂ ವಾಮತೋ ಗತಿಃ’ (ಅಂಕಿಗಳ ನಡೆ ಎಡಕ್ಕೆ) ಎಂಬ ಕಟ್ಟಳೆಯಂತೆ ಮೊದಲು ಹೇಳಿದ ಋಷಿ ಬಿಡಿ ಸ್ಥಾನಕ್ಕೆ ಸಲ್ಲುತ್ತದೆ, ಕೊನೆಯ ಶಶಿ ಲಕ್ಷದ ಸ್ಥಾನಕ್ಕೆ. ಸುತ್ತುವುದರ ಗುಟ್ಟು ಭಾಗಾಕಾರದಲ್ಲಿದೆ. ಒಂದನ್ನು ಏಳರಿಂದ ಭಾಗಿಸುತ್ತ ಹೋದರೆ ಶೇಷಗಳು 1, 3, 2, 6, 4, 5 ಎಂದು, ಸೊನ್ನೆಯೊಂದನ್ನು ಬಿಟ್ಟು ಬರಬಹುದಾದವೆಲ್ಲ ಒಮ್ಮೊಮ್ಮೆ ಬಂದು, ಮತ್ತೆ ಒಂದಕ್ಕೇ ಮರಳುತ್ತವೆ; ದಶಾಂಶ ಬಿಂದುವಿನ ಬಳಿಕ 142857 ಕೊನೆಯಿಲ್ಲದೆ ಮರುಕಳಿಸುತ್ತದೆ. ಎರಡನ್ನೋ ಮೂರನ್ನೋ ಏಳರಿಂದ ಭಾಗಿಸಿದಾಗ ಅದೇ ಚಕ್ರವನ್ನು ಬೇರೊಂದು ಶೇಷದಿಂದ ಹತ್ತಿದಂತಾಗುವುದರಿಂದ ಸರದಿ ಕೆಡುವುದಿಲ್ಲ.

ಪುಣೆಯಿಂದ:
ಪೂರಣವನ್ನು ಸಂತೋಷದಿಂದ ಒಪ್ಪಿದ್ದೇನೆ. ಒಂದರಿಂದ ಗುಣಿಸುವುದನ್ನೂ ಒಂದು ಹೆಜ್ಜೆಯೆಂದು ಎಣಿಸಿದರೆ ಮಾತ್ರ ‘ಆರಡಿ’ ಸರಿಹೋಗುತ್ತದೆ. ಆ ಎಚ್ಚರ ನನಗೆ ಬಹಳ ಹಿಡಿಸಿತು. ಇದೇ ಸಂಖ್ಯೆಯಲ್ಲಿ ಇನ್ನೊಂದು ಕೌತುಕವುಂಟು. ಇದರ ವರ್ಗ 20408122449. ಅದನ್ನು 20408 ಮತ್ತು 122449 ಎಂದು ಸೀಳಿ ಕೂಡಿದರೆ 142857 ಮರಳಿ ಬರುತ್ತದೆ. ಇಂಥವಕ್ಕೆ ಕಾಪ್ರೇಕರ್ ಸಂಖ್ಯೆಗಳೆಂದು ಹೆಸರು. 1905ರಲ್ಲಿ ಡಹಾಣೂವಿನಲ್ಲಿ ಹುಟ್ಟಿದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲೆಯ ಮೇಷ್ಟರಾಗಿದ್ದುಕೊಂಡೇ ಸಂಖ್ಯೆಗಳೊಡನೆ ಬಾಳಿದವರು. ಅವರ ನೆನಪಿಗೆ ಮುಂದಿನ ಸಮಸ್ಯೆ; ಛಂದಸ್ಸೂ ಪ್ರಾಸವೂ ಹಿಂದಿನವೇ.

ಸೀಳಿದರು ಮತ್ತೊಂದುಗೂಡಲು ತಾನೆ ತಾನಾಯ್ತು