ಕಾರಿಗೆ ಮುಂದಿನ ಆಕ್ಸಿಜನ್ ಸೆನ್ಸರ್ ಹೊಸದು ಹಾಕಿಸಿದರೂ ಘಾಟಿಯಲ್ಲಿ ತಿಣುಕುತ್ತೆ. ಹಿಂದಿನದ್ದೂ ಬದಲಿಸಬೇಕಾ?

ತೋಟದಮನೆ, ತೀರ್ಥಹಳ್ಳಿ:

ನಮಸ್ಕಾರ. ಗಾಡಿ 2014ರದ್ದು, 1.2 ಪೆಟ್ರೋಲ್, 1,18,000 ಕಿಲೋಮೀಟರ್ ಓಡಿದೆ. ಪೇಟೆ, ತೋಟ, ತಿಂಗಳಿಗೊಮ್ಮೆ ಹೆಬ್ರಿಯ ತಂಗಿ ಮನೆ, ಇಷ್ಟೇ ಇದರ ಓಡಾಟ. ಪೇಟೆಯಲ್ಲಿ ಒಂದು ಚೂರೂ ತಕರಾರಿಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಮಾತ್ರ, ನಾಲ್ಕನೇ ತಿರುವು ದಾಟಿದ ಮೇಲೆ ಶುರು. ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಒಂದು ಕ್ಷಣ ಉಸಿರೇ ಇಲ್ಲ, ಆಮೇಲೆ ಜಗ್ಗಿ ಜಗ್ಗಿ ಹೋಗುತ್ತೆ. ಕಾಲು ಸ್ವಲ್ಪ ಸಡಿಲ ಬಿಟ್ಟರೆ ಸರಿ. ಹೋದ ಸಲ ಹಿಂದೆ ಬಸ್ಸು, ಮುಂದೆ ತಿರುವು. ಆ ಹಾರ್ನ್ ಇನ್ನೂ ಕಿವಿಯಲ್ಲಿದೆ.

ಚೆಕ್ ಲೈಟ್ ಬಂತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು, ಪಿ 0171 ಅನ್ನೋ ದೋಷದ ಕೋಡ್ ಬಂತು. ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದರು. ಮುಂದಿನ ಸೆನ್ಸರ್ ಹೊಸದು ಹಾಕಿ ಲೇಬರ್ ಸೇರಿ 4,600 ತಗೊಂಡರು. ಲೈಟ್ ಆರಿತು. ಮತ್ತೆ ಘಾಟಿ ಹತ್ತಿದೆ, ಅದೇ ಕಥೆ, ಅದೇ ಲೈಟು. ಈಗ ಹಿಂದಿನದ್ದನ್ನೂ ಬದಲಿಸೋಣ ಅನ್ನುತ್ತಿದ್ದಾರೆ. ಕೊಯ್ಲಿಗೆ ಇನ್ನೂ ಟೈಮಿದೆ, ಕೈಯಲ್ಲಿ ದುಡ್ಡಿಲ್ಲ. ನಾನೇ ಬಿಚ್ಚಿ ಹಾಕಬಹುದಾ?

ಹಳೇ ಸ್ಪ್ಯಾನರ್, ಶಿವಮೊಗ್ಗ:

ಸುಮ್ನೆ ಬಿಚ್ಚೋಕೆ ಹೋಗಬೇಡಿ. ಎರಡೂ ಸೆನ್ಸರ್ ಇರುವುದು ಸೈಲೆನ್ಸರ್ ಪೈಪಿನಲ್ಲೇ, ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡೋಕೆ. ಹಿಂದಿನ ಸೆನ್ಸರ್‌ಗೆ ಮುಖ್ಯ ಕೆಲಸ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿದೆಯಾ ಅಂತ ನೋಡುವುದು. ಪೆಟ್ರೋಲ್ ಎಷ್ಟು ಬಿಡಬೇಕು ಅನ್ನುವ ಲೆಕ್ಕ ನಡೆಯುವುದು ಮುಂದಿನದರ ಮೇಲೆ.

ಇನ್ನು ಪಿ 0171. ಸೆನ್ಸರ್ ಕೆಟ್ಟಿದೆ ಅಂತ ಅದು ಹೇಳುತ್ತಿಲ್ಲ ಮಾರಾಯ್ರೆ. ಒಳಗೆ ಹೋದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಅನ್ನುತ್ತಿದೆ. ಆ ಸುದ್ದಿ ತಂದಿದ್ದೇ ಸೆನ್ಸರ್. ತೋಟಕ್ಕೆ ಹಂದಿ ನುಗ್ಗಿತು ಅಂತ ಬೊಗಳಿದ ನಾಯಿಗೇ ಹೊಡೆದ ಹಾಗಾಯ್ತು ನಿಮ್ಮ ಗ್ಯಾರೇಜಿನ ಕೆಲಸ. ಸೆನ್ಸರೇ ಕೆಟ್ಟರೆ ಸಾಮಾನ್ಯವಾಗಿ ಕೋಡ್ ಬೇರೆ ಬರುತ್ತೆ. ಒಳಗಿನ ಹೀಟರ್ ಸುಟ್ಟರೆ ಪಿ 0135, ವಯಸ್ಸಾಗಿ ನಿಧಾನವಾದರೆ ಪಿ 0133.

ನಿಮ್ಮದು 2013ರ ಏಪ್ರಿಲ್ ಆದಮೇಲಿನ ಗಾಡಿ, ಓಬಿಡಿ 2, ಅಂದರೆ ಗಾಡಿ ತನ್ನ ದೋಷ ತಾನೇ ಹಿಡಿದು ಕೋಡ್ ಕೊಡುವ ವ್ಯವಸ್ಥೆ ಇರುತ್ತೆ. ಒಂದು ಬ್ಲೂಟೂತ್ ಅಡಾಪ್ಟರ್ ತಗೊಳ್ಳಿ, ಫೋನಲ್ಲೇ ಕಾಣುತ್ತೆ. ಎರಡು ವಿಷಯ ನೋಡಿ. ಒಂದು, ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಅನ್ನು ಶೇಕಡಾ ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನುವ ಲೆಕ್ಕ. ಐಡಲ್‌ನಲ್ಲಿ ಎಷ್ಟು, ಏರುದಾರಿಯಲ್ಲಿ ಎಷ್ಟು. ಪ್ಲಸ್ ಬಂದರೆ ಇಸಿಯು ಜಾಸ್ತಿ ಪೆಟ್ರೋಲ್ ಸುರಿಯುತ್ತಿದೆ ಅಂತ ಅರ್ಥ. ಎರಡು, ಮುಂದಿನ ಸೆನ್ಸರ್ ವೋಲ್ಟೇಜ್. ಸಮ ರಸ್ತೆಯಲ್ಲಿ ಅದು 0.1ರಿಂದ 0.9ರವರೆಗೆ ಉಯ್ಯಾಲೆ ಆಡುತ್ತಲೇ ಇರಬೇಕು. ಪೂರ್ತಿ ಒತ್ತಿ ಹತ್ತುವಾಗ 0.8ರ ಮೇಲೆ ನಿಲ್ಲಬೇಕು, ಯಾಕಂದ್ರೆ ಆಗ ಇಸಿಯು ಬೇಕಂತಲೇ ಪೆಟ್ರೋಲ್ ಜಾಸ್ತಿ ಕೊಡುತ್ತೆ. ನೀವು ಓಡಿಸಿ, ಫೋನ್ ನೋಡೋಕೆ ಇನ್ನೊಬ್ಬರನ್ನು ಕೂರಿಸಿಕೊಳ್ಳಿ.

ಸಾಗರದ ಹುಡುಗ:

ಇ20, ಅಂದ್ರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್, ಅದರ ಕಾಟ ಇರಬಹುದಾ ಅಣ್ಣ? ನಮ್ಮನೆ ಗಾಡೀಲೂ ಟ್ರಿಮ್ ಏರಿದೆ.

ಹಳೇ ಸ್ಪ್ಯಾನರ್, ಶಿವಮೊಗ್ಗ:

ಎಥನಾಲ್‌ನಲ್ಲೇ ಆಕ್ಸಿಜನ್ ಇರುತ್ತೆ, ಹಾಗಾಗಿ ಟ್ರಿಮ್ ಏರುವುದು ಹೌದು. ಇ10ರಿಂದ ಇ20ಗೆ ಬಂದರೆ ಶೇಕಡಾ ನಾಲ್ಕರ ಹತ್ತಿರ. ಆದರೆ ಅದು ಪೇಟೆಯಲ್ಲೂ ಏರಬೇಕಲ್ವಾ? ಘಾಟಿಗೆ ಮಾತ್ರ ಇ20 ಹಾಕಿಸುವುದಿಲ್ಲವಲ್ಲ.

ತೋಟದಮನೆ, ತೀರ್ಥಹಳ್ಳಿ:

ಭಾನುವಾರ ಹೋಗಿ ಬಂದೆವು. ಪಕ್ಕದಲ್ಲಿ ಮನೆಯವಳು ಫೋನ್ ಹಿಡಿದು ಕೂತಳು. ಮನೆ ಅಂಗಳದಲ್ಲಿ ಐಡಲ್ ಟ್ರಿಮ್ ಪ್ಲಸ್ 3. ಸೋಮೇಶ್ವರ ಬಿಟ್ಟ ಮೇಲೆ 9, 14, ಆಮೇಲೆ 22. ಐದನೇ ತಿರುವಿನಲ್ಲಿ ಪೂರ್ತಿ ಒತ್ತಿದೆ. "ಸೊನ್ನೆ ಪಾಯಿಂಟ್ ಒಂದು" ಅಂದಳು. ಈಗ? "ಅಲ್ಲೇ ಕೂತಿದೆ, ನೀವು ರಸ್ತೆ ನೋಡಿ."

ಹಳೇ ಸ್ಪ್ಯಾನರ್, ಶಿವಮೊಗ್ಗ:

ಸರಿಯಾಗಿ ಓದಿದ್ದಾರೆ. 0.1ರಲ್ಲೇ ಕೂತಿದೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. ಕಾಲು ಸಡಿಲ ಬಿಟ್ಟಾಗ ಎಲ್ಲ ಸರಿ, ಜಾಸ್ತಿ ಕೇಳಿದಾಗ ಮಾತ್ರ ಬರಗಾಲ. ಪೆಟ್ರೋಲ್ ಪ್ರೆಶರ್ ಗೇಜ್ ಹಾಕಿಸಿ ನೋಡಿ. ಐಡಲ್‌ನಲ್ಲಿ ಸರಿ ಇದೆ ಅಂತ ಹೇಳಿ ಕಳಿಸಿದರೆ ಒಪ್ಪಬೇಡಿ, ರೇಸ್ ಮಾಡಿಸಿ ನೋಡಿ. ಈ ಗಾಡಿಗಳಲ್ಲಿ ಹೆಚ್ಚಾಗಿ ಪಂಪು, ಫಿಲ್ಟರ್ ಎರಡೂ ಟ್ಯಾಂಕಿನೊಳಗೇ ಇರುತ್ತೆ. ಅಂದ ಹಾಗೆ, ಬಂಕಿನದ್ದು ಬಿಟ್ಟು ಬೇರೆ ಪೆಟ್ರೋಲ್ ಏನಾದರೂ ಟ್ಯಾಂಕಿಗೆ ಹಾಕಿದ್ದೀರಾ?

ತೋಟದಮನೆ, ತೀರ್ಥಹಳ್ಳಿ:

ಹೇಳಲೇಬೇಕಾ?

ಕಳೆ ಕೊಚ್ಚುವ ಮಷಿನ್‌ಗೆ ಅಂತ ತಂದ ಪೆಟ್ರೋಲ್ ಹೋದ ಮಳೆಗಾಲದಿಂದ ಕ್ಯಾನಿನಲ್ಲಿ ಉಳಿದಿತ್ತು, ನಾಲ್ಕು ಲೀಟರ್ ಇರಬಹುದು. ಮುಚ್ಚಳ ಕಳೆದುಹೋಗಿ ಬಾಯಿಗೆ ಬಟ್ಟೆ ತುರುಕಿ ಕೊಟ್ಟಿಗೆಯಲ್ಲಿ ಇಟ್ಟಿದ್ದೆ. ಹಾಳಾಗಿ ಹೋಗುತ್ತಲ್ಲ ಅಂತ ಗಾಡಿಗೆ ಸುರಿದೆ. ಆಯಿಲ್ ಬೆರೆಸಿದ್ದಾ ಅಂತ ಕೇಳಬೇಡಿ, ನೆನಪಿಲ್ಲ.

ನಿನ್ನೆ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಪ್ರೆಶರ್ ಐಡಲ್‌ನಲ್ಲಿ ಮೂರು ಬಾರ್ ಹತ್ತಿರ ಇತ್ತು, ರೇಸ್ ಮಾಡಿದ ಕೂಡಲೇ ಎರಡಕ್ಕೆ ಇಳಿಯಿತು. ಹಿಂದಿನ ಸೀಟು ಎತ್ತಿ ಪಂಪ್ ಹೊರಗೆ ತೆಗೆದರು. ಅದರ ಬುಡದಲ್ಲಿ ಒಂದು ಸಣ್ಣ ಬಲೆ ಚೀಲ ಇರುತ್ತಂತೆ. ಬಿಳಿ ಇರಬೇಕಾದ ಚೀಲ ಕಾಫಿ ಸೋಸಿದ ಬಟ್ಟೆಯ ಬಣ್ಣಕ್ಕೆ ಬಂದಿತ್ತು. ಬೆರಳಲ್ಲಿ ಉಜ್ಜಿ ನೋಡಿದೆ, ನುಣ್ಣನೆ ಮಣ್ಣು, ನಡುವೆ ಬಟ್ಟೆಯ ನೂಲು. ಯಾವ ಬಟ್ಟೆ ಅಂತ ಗುರುತು ಸಿಕ್ಕಿತು, ಮಾತಾಡಲಿಲ್ಲ.

ಟ್ಯಾಂಕ್ ತೊಳೆದು, ಚೀಲ, ಫಿಲ್ಟರ್ ಎರಡೂ ಹೊಸದು ಹಾಕಿಸಿದೆ. ಇವತ್ತು ಘಾಟಿ ಹತ್ತಿ ಬಂದೆ. ಪೂರ್ತಿ ಒತ್ತಿದಾಗ 0.86. ಹದಿನಾಲ್ಕೂ ತಿರುವು ಎರಡನೇ ಗೇರ್‌ನಲ್ಲಿ ಒಂದು ಸಲವೂ ಜಗ್ಗಲಿಲ್ಲ. ಬಿಚ್ಚಿದ ಹಳೇ ಸೆನ್ಸರ್ ಡಿಕ್ಕಿಯಲ್ಲೇ ಇದೆ. ಎಸೆಯಲಾ?

ಹಳೇ ಸ್ಪ್ಯಾನರ್, ಶಿವಮೊಗ್ಗ:

ಎಸೆಯಬೇಡಿ, ತುದಿ ಮುಟ್ಟದೆ ಕಾಗದ ಸುತ್ತಿ ಇಡಿ. ಅದು ಸುಳ್ಳು ಹೇಳಿರಲಿಲ್ಲ. ಲಕ್ಷ ಕಿಲೋಮೀಟರ್ ದಾಟಿದ ಸೆನ್ಸರ್, ಹಾಗಾಗಿ 4,600 ಪೂರ್ತಿ ದಂಡ ಅಂತಲೂ ಅಂದುಕೊಳ್ಳಬೇಡಿ.

ಮುಂದೆ ಯಾವತ್ತಾದರೂ ನೀವೇ ಬದಲಿಸುವ ಹಾಗಾದರೆ, ನಮ್ಮ ಮಳೆಗೆ ಆ ಥ್ರೆಡ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಇಂಜಿನ್ ಸ್ವಲ್ಪ ಬಿಸಿ ಮಾಡಿ, ಕೈ ಸುಡದ ಹಾಗೆ ಗ್ಲೌಸ್ ಹಾಕಿ, 22ರ ಸ್ಪ್ಯಾನರ್‌ನಲ್ಲಿ ತಿರುಗಿಸಿ. ವೈರ್ ಮೊದಲು ಕಳಚಿ, ಇಲ್ಲದಿದ್ದರೆ ತಿರುಚಿಕೊಂಡು ತುಂಡಾಗುತ್ತೆ. ಹೊಸದರ ಥ್ರೆಡ್‌ಗೆ ಆಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದ ಹಾಗೆ ಹಚ್ಚುವ ಪೇಸ್ಟ್) ಮೊದಲೇ ಹಚ್ಚಿರದಿದ್ದರೆ ತೆಳ್ಳಗೆ ಹಚ್ಚಿ, ತುದಿಗೆ ತಾಗಬಾರದು. ಲೀಕ್ ಆಗುತ್ತೆ ಅಂತ ಸಿಲಿಕೋನ್ ಪೇಸ್ಟ್ ಮೆತ್ತಬೇಡಿ, ಅದರ ಆವಿಗೆ ಸೆನ್ಸರ್ ಸತ್ತೇ ಹೋಗುತ್ತೆ.

ಕ್ಯಾನಿಗೆ ಒಂದು ಮುಚ್ಚಳ ತಗೊಳ್ಳಿ ಮಾರಾಯ್ರೆ.