ಪದಚರ್ಚೆ: ‘ವಿಶಾಲ ಕೋನ’ದ ಲೆನ್ಸನ್ನು 18 ಮಿಮೀಗೆ ತಿರುಗಿಸಿದರೆ ಅದು ಲಘು ಕೋನವೇ?

ಗೆಳೆಯರೆ,

ಕ್ಯಾಮೆರಾದ ವೈಡ್ ಆಂಗಲ್ ಲೆನ್ಸಿಗೆ ಒಂದು ಕನ್ನಡ ಪದ ಬೇಕಿತ್ತು. ಹುಡುಕುತ್ತಾ ಹೋದಂತೆ ಒಂದು ಮೂರಾಗಿದೆ, ಅದಕ್ಕೇ ಇಲ್ಲಿಗೆ ಬಂದೆ.

ಹೋದ ತಿಂಗಳು ಕ್ಯಾನನ್ 10-18 ಮಿಮೀ ಲೆನ್ಸೊಂದನ್ನು (ಈ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ) ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. 2014ರಲ್ಲಿ ಬಂದ ಮಾಡೆಲ್ಲು. ತೂಕ 240 ಗ್ರಾಂ, ಕಾಲು ಕೆಜಿ ಕಾಫಿಪುಡಿ ಪೊಟ್ಟಣಕ್ಕಿಂತ ಹತ್ತು ಗ್ರಾಂ ಕಮ್ಮಿ. ಕ್ಯಾಮೆರಾಕ್ಕೆ ಹಾಕಿಕೊಂಡು ನೇರ ಮಲೆನಾಡಿನ ಚಿಕ್ಕಮ್ಮನ ಮನೆಗೆ ಹೋದೆ. ಅವರದ್ದು ತೊಟ್ಟಿಮನೆ. ಇಷ್ಟು ವರ್ಷ ಆ ತೊಟ್ಟಿಯ ಒಂದು ಕಂಬ ಬಂದರೆ ಇನ್ನೊಂದು ಬರುತ್ತಿರಲಿಲ್ಲ, ಹಿಂದೆ ಸರಿಯೋಣ ಎಂದರೆ ಬೆನ್ನಿಗೆ ಗೋಡೆ. ಈ ಸಲ ಜಗಲಿಯ ಮೂಲೆಯಲ್ಲಿ ಕೂತು ತೆಗೆದರೆ ನಾಲ್ಕೂ ಕಂಬ, ಮೇಲಿನ ಹೆಂಚು, ಆಕಾಶದ ಚೌಕ, ಕೆಳಗೆ ನನ್ನದೇ ಚಪ್ಪಲಿ, ಎಲ್ಲ ಬಂತು. ಚಪ್ಪಲಿ ಬಂದದ್ದು ಮನೆಗೆ ಬಂದು ನೋಡಿದ ಮೇಲೆ ಗೊತ್ತಾಯಿತು. ಚಿತ್ರದ ಅಂಚಿನಲ್ಲಿ ನಿಂತಿದ್ದ ಚಿಕ್ಕಮ್ಮನ ತೋಳು ಮಾತ್ರ ಪೈಲ್ವಾನರ ತೋಳಿನಂತೆ ಎಳೆದುಕೊಂಡಿತ್ತು. ಅವರು ಕ್ಯಾಮೆರಾದ ಹಿಂಬದಿಯಲ್ಲೇ ನೋಡಿ ಅಂದದ್ದು: “ಇದು ಒಳ್ಳೆ ಕಣ್ಣಗಲಿಸ್ಕಂಡು ನೋಡ್ತದಲ ಮಾರಾಯ.” ಈ ಮಾತಿಗೆ ಆಮೇಲೆ ಬರುತ್ತೇನೆ.

ಈಗ ತೊಡಕು. ಹೈಸ್ಕೂಲು ಮಕ್ಕಳಿಗೆ ಎರಡು ದಿನದ ಫೋಟೋ ಶಿಬಿರ ಮಾಡುತ್ತಿದ್ದೇವೆ. ಟಿಪ್ಪಣಿಯಲ್ಲಿ ನಾನು ವೈಡ್ ಆಂಗಲ್ ಲೆನ್ಸನ್ನು ‘ವಿಶಾಲ ಕೋನ ಮಸೂರ’ ಎಂದು ಬರೆದೆ. ಎಲ್ಲೆಲ್ಲೋ ಓದಿದ್ದು, ಕೈ ತಾನಾಗಿಯೇ ಬರೆಯಿತು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ಸಾರ್, ವಿಶಾಲ ಕೋನ ಅಂದ್ರೆ ತೊಂಬತ್ತು ಡಿಗ್ರಿಗಿಂತ ಜಾಸ್ತಿ ಇರ್ಬೇಕಲ್ವಾ?”

ಹೌದಲ್ಲ! ಲಘು ಕೋನ, ಲಂಬ ಕೋನ, ವಿಶಾಲ ಕೋನ. ರೇಖಾಗಣಿತದಲ್ಲಿ ಅದು ಆಗಲೇ ಬುಕ್ ಆದ ಪದ. ನಾನು ಕೂತು ಲೆಕ್ಕ ನೋಡಿದೆ. ಈ ಲೆನ್ಸು 10 ಮಿಮೀನಲ್ಲಿ ಮೂಲೆಯಿಂದ ಮೂಲೆಗೆ ಕಾಣುವುದು ಸುಮಾರು 107 ಡಿಗ್ರಿ. ಸರಿ, ವಿಶಾಲ ಕೋನವೇ. ಲೆನ್ಸಿನ ಸುತ್ತಲಿನ ಜೂಮ್ ಬಳೆ ತಿರುಗಿಸುತ್ತಾ 13-14 ಮಿಮೀ ಹತ್ತಿರ ಬಂದರೆ 90, ಲಂಬ ಕೋನ. 18ಕ್ಕೆ ಬಂದರೆ 74 ಡಿಗ್ರಿ, ಅಪ್ಪಟ ಲಘು ಕೋನ! ಒಂದೇ ಲೆನ್ಸು, ಅಂಗೈಯಲ್ಲಿ ಕಾಲು ಸುತ್ತು ತಿರುಗಿಸುವಷ್ಟರಲ್ಲಿ ಮೂರೂ ಜಾತಿ. ಫಿಲ್ಮ್ ಕಾಲದಿಂದ ವೈಡ್ ಅಂತಲೇ ಕರೆಸಿಕೊಂಡ 28 ಮಿಮೀ ಲೆನ್ಸಿನದ್ದೂ 75 ಡಿಗ್ರಿ, 35 ಮಿಮೀಯದ್ದು 63 (ಇವು ಫಿಲ್ಮ್ ಚೌಕಟ್ಟಿನ ಲೆಕ್ಕ, ನನ್ನ ಕ್ಯಾಮೆರಾದ ಸೆನ್ಸರ್ ಅದಕ್ಕಿಂತ ಚಿಕ್ಕದು). ಗಣಿತದ ಮೇಷ್ಟರನ್ನು ಕೇಳಿದರೆ ಇವು ಯಾವುವೂ ವಿಶಾಲವಲ್ಲ. ಫೋಟೋದವರ ವೈಡ್ ಇರುವುದು ‘ಸಾಮಾನ್ಯ’ ಎನಿಸಿಕೊಂಡ 50 ಮಿಮೀ ಲೆನ್ಸಿನ 46 ಡಿಗ್ರಿಗೆ ಹೋಲಿಸಿ. ಇಂಗ್ಲಿಷಿನಲ್ಲಿ ಗಣಿತಕ್ಕೊಂದು ಪದ, ಫೋಟೋಗೊಂದು ಪದ, ಹಾಗಾಗಿ ಅವರಿಗೆ ಈ ಜಗಳವಿಲ್ಲ. ನಾವು ಎರಡಕ್ಕೂ ಒಂದನ್ನೇ ಹಚ್ಚಿ ಕೂತಿದ್ದೇವೆ.

ಎರಡನೆಯದು ಜೂಮ್. ಇದಕ್ಕೆ ಕನ್ನಡ ಪದ ಬೇಕೆಂದು ಹಟ ಇಲ್ಲ, ಜೂಮ್ ಕನ್ನಡವೇ ಆಗಿಹೋಗಿದೆ. ಆದರೆ ಕನ್ನಡವಾಗುವಾಗ ಅರ್ಥ ಅರ್ಧ ಉದುರಿಹೋಗಿದೆ. ನಮ್ಮಲ್ಲಿ ‘ಜೂಮ್ ಮಾಡು’ ಎಂದರೆ ಹತ್ತಿರ ಎಳೆ, ದೊಡ್ಡದು ಮಾಡು, ಅಷ್ಟೇ. ಪಕ್ಕದ ಮನೆಯವರು ಈ ಲೆನ್ಸು ನೋಡಿ “ಜೂಮ್ ಲೆನ್ಸಾ? ಎಷ್ಟು ದೂರದ ಹಕ್ಕಿ ಸಿಗುತ್ತೆ?” ಎಂದರು. ಹಕ್ಕಿ ಬಂದು ನನ್ನ ಮೊಣಕೈ ಮೇಲೆ ಕೂತರೆ ಸಿಗುತ್ತೆ ಎಂದೆ. (ಸುಳ್ಳಲ್ಲ, 22 ಸೆಂಟಿಮೀಟರಿನಿಂದ ಫೋಕಸ್ ಆಗುತ್ತದೆ.) ಅವರಿಗೆ ನಾನು ತಮಾಷೆ ಮಾಡಿದೆ ಅನ್ನಿಸಿರಬೇಕು. ಈ ಲೆನ್ಸಿನ ಬಳೆಯನ್ನು ನಾನು ಬಹುಪಾಲು ತಿರುಗಿಸುವುದು ಉಲ್ಟಾ ದಿಕ್ಕಿಗೆ, ಇನ್ನಷ್ಟು ಒಳಗೆ ತುಂಬಿಕೊಳ್ಳಲು. ಆ ಕೆಲಸಕ್ಕೆ ಕ್ರಿಯಾಪದ ಏನು? ‘ಜೂಮ್ ಕಡಿಮೆ ಮಾಡು’ ಎನ್ನುತ್ತಾರೆ. ಅದು ಟಿವಿ ಸೌಂಡ್ ಕಡಿಮೆ ಮಾಡಿದಂತೆ ಕೇಳುತ್ತದೆ.

ಮೂರನೆಯದು ಸಣ್ಣದು. ಲೆನ್ಸು ಪುಟ್ಟದು, ಜಾಗ ಹಿಡಿಯದು ಎನ್ನಲು ಬಳಸುವ ಕಾಂಪ್ಯಾಕ್ಟ್. ಸಿ.ಡಿ.ಗೆ (ಕಾಂಪ್ಯಾಕ್ಟ್ ಡಿಸ್ಕ್) ‘ಸಾಂದ್ರ ಮುದ್ರಿಕೆ’ ಎಂದವರಿದ್ದಾರೆ. ಆ ದಾರಿಯಲ್ಲಿ ಹೋಗಿ ಇದನ್ನು ‘ಸಾಂದ್ರ ಲೆನ್ಸ್’ ಎಂದರೆ ಸಾಂದ್ರತೆಯ ನೆನಪಾಗಿ ಸೀಸದ ಗುಂಡಿನಷ್ಟು ಭಾರ ಅನ್ನಿಸುತ್ತದೆ. ಇದು ಹಗುರ. ‘ಅಡಕ’ ನನಗೆ ಒಪ್ಪಿಗೆ, ಯಾರಾದರೂ ತಕರಾರು ಎತ್ತದಿದ್ದರೆ ಮುಂದೆ ಹೋಗುತ್ತೇನೆ.

‘ಮಸೂರ’ ಬಗ್ಗೆಯೂ ಒಂದು ಮಾತು. ಲೆನ್ಸ್ ಎಂದರೆ ಲ್ಯಾಟಿನ್ನಿನಲ್ಲಿ ಮಸೂರ್ ಬೇಳೆಯ ಕಾಳು, ನಮ್ಮ ಚನ್ನಂಗಿ ಬೇಳೆ. ಅದನ್ನೇ ಸಂಸ್ಕೃತಕ್ಕೆ ಎಳೆದು ಮಸೂರ ಮಾಡಿದ್ದಾರೆ, ಚೆನ್ನಾಗಿದೆ. ಆದರೆ ಇದರೊಳಗೆ ಇರುವುದು 14 ಗಾಜುಗಳು, ಮುಂದಿನದ್ದಂತೂ ಹೊರಗೆ ಉಬ್ಬಿ ಒಳಗೆ ಅದಕ್ಕಿಂತ ಜಾಸ್ತಿ ತಗ್ಗಿದೆ, ಬೇಳೆಯ ಆಕಾರವೇ ಅಲ್ಲ. ಒಂದೊಂದು ಗಾಜಿಗೆ ಮಸೂರ, ಇಡೀ ಕೊಳವೆಗೆ ಲೆನ್ಸ್ ಎಂದು ನಾನು ಹಂಚಿಬಿಟ್ಟಿದ್ದೇನೆ. ಕ್ಯಾಮೆರಾ ಅಂಗಡಿಯಲ್ಲಿ ಮಸೂರ ಕೊಡಿ ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಪಕ್ಕದ ದಿನಸಿ ಅಂಗಡಿ ತೋರಿಸುತ್ತಾರೆ.

ಇನ್ನು ಚಿಕ್ಕಮ್ಮನ ಮಾತು. ಕಣ್ಣಗಲಿಸು, ಬಾಯಗಲಿಸು, ಕಾಲಗಲಿಸು: ‘ಅಗಲಿಸು’ ನಮ್ಮಲ್ಲಿ ದಿನಬಳಕೆಯ ಕ್ರಿಯಾಪದ. 18ರಿಂದ 10ಕ್ಕೆ ಹೋಗುವುದಕ್ಕೆ ‘ಅಗಲಿಸು’, 10ರಿಂದ 18ಕ್ಕೆ ಬರುವುದಕ್ಕೆ ‘ಹತ್ತಿರಿಸು’ ಎಂದರೆ ಹೇಗೆ? ಮರುದಿನ ಮಕ್ಕಳಿಗೆ “ಇನ್ನೂ ಸ್ವಲ್ಪ ಅಗಲಿಸು” ಎಂದೆ. ಯಾರೂ ಅರ್ಥ ಕೇಳಲಿಲ್ಲ, ಬಳೆ ಸರಿಯಾದ ಕಡೆಗೇ ತಿರುಗಿತು. ಲೆನ್ಸಿಗೆ ‘ಅಗಲಗಣ್ಣು’ ಎನ್ನಬಹುದೆ? ಅಗಲ, ಕಣ್ಣು ಸೇರಿ ಮಳೆಗಾಲದ ಹಾಗೆ ಗಕಾರ ಬರುತ್ತದೆ, ವ್ಯಾಕರಣಕ್ಕೆ ತೊಂದರೆ ಇಲ್ಲ. ಡಿಗ್ರಿಯ ಗೊಡವೆಯೂ ಇಲ್ಲ, ಹೋಲಿಕೆಯ ಅಗಲ ಅಷ್ಟೇ.

ಹೆದರಿಕೆ ಒಂದೇ. ಪಕ್ಕದಲ್ಲೇ ‘ಅಗಲು’ ಕೂತಿದೆ. ‘ಅಗಲಿಸಿದ ಚಿತ್ರ’ ಎಂದು ಬರೆಯುವಾಗ ‘ಸಿ’ ಬಿಟ್ಟುಹೋದರೆ ಶ್ರದ್ಧಾಂಜಲಿ ಫ್ಲೆಕ್ಸಿನ ಭಾಷೆ. ಟಿಪ್ಪಣಿಯ ಮೊದಲ ಕರಡಿನಲ್ಲೇ ನಾನು ‘ಅಗಲಿದ ತೊಟ್ಟಿಮನೆ’ ಎಂದು ಟೈಪಿಸಿದ್ದೆ. ಚಿಕ್ಕಮ್ಮನಿಗೆ ತೋರಿಸಿಲ್ಲ.

ಕೇಳುವುದಿಷ್ಟು. ನಿಮ್ಮ ಕಡೆ ಮದುವೆ ಫೋಟೋ ತೆಗೆಯುವವರು, ವಿಡಿಯೋದವರು, ಇಡೀ ಛತ್ರ ಒಂದೇ ಫ್ರೇಮಿಗೆ ತರುವಾಗ ಸಹಾಯಕನಿಗೆ ಯಾವ ಮಾತಿನಲ್ಲಿ ಹೇಳುತ್ತಾರೆ? ‘ವೈಡ್ ಇಡು’, ‘ವೈಡ್ ಹೊಡಿ’ ನಾನು ಕೇಳಿದ್ದೇನೆ. ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ಬೇರೆ ಮಾತು ಇದೆಯೆ? ಇನ್ನೊಂದು, ಅಂಚಿನ ತೋಳು ಹಾಗೆ ದಪ್ಪಗೆ ಎಳೆದುಕೊಳ್ಳುವುದಕ್ಕೆ ಏನೆನ್ನುತ್ತೀರಿ? ‘ವಿರೂಪ’ ಎಂದು ಬರೆದು ಹೊಡೆದುಹಾಕಿದೆ. ಚಿಕ್ಕಮ್ಮನ ತೋಳಿಗೆ ಆ ಪದ ಹಾಕಲು ಮನಸ್ಸು ಬರಲಿಲ್ಲ.