ಹೈಸ್ಕೂಲಿನ ನೀರಿನ ಟ್ಯಾಂಕು: ಪಟ್ಟಿ (ಚಂದಾ) ಎತ್ತೋ ಮುಂಚೆ ಸಭೆಗೆ ಬರ್ರಿ

ಸಂಘದ ಕಾರ್ಯದರ್ಶಿ, 2ನೇ ಮೇನ್:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಹಿಂದಿನ ಸರ್ಕಾರಿ ಹೈಸ್ಕೂಲಿನ ಬೋರ್ ಮೋಟ್ರು ಸುಟ್ಟು ತಿಂಗಳ ಮೇಲಾಯ್ತು. ಶೌಚಾಲಯದ ಮೇಲಿನ ಟ್ಯಾಂಕೂ ಸೀಳಿದೆ. ಹೆಡ್‌ಮೇಷ್ಟ್ರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಪತ್ರ ಕೊಟ್ಟಿದ್ದಾರೆ, ಅನುದಾನ ಬರೋವರೆಗೂ ಕಾಯಬೇಕಂತೆ. ಮೋಟ್ರು, ಟ್ಯಾಂಕು, ಪೈಪು, ಕೂಲಿ ಎಲ್ಲ ಸೇರಿ 45 ಸಾವಿರದ ಹತ್ತಿರ ಆಗುತ್ತೆ. ಅಲ್ಲಿ ಓದೋ ಮಕ್ಕಳ ಮನೆಯವರಿಂದ ತಲಾ 200 ರೂಪಾಯಿ ತಗೊಂಡ್ರೆ ಹೆಂಗೆ?

ಟೈಲರ್ ಅಂಗಡಿ ಅಕ್ಕ, 3ನೇ ಕ್ರಾಸ್:
ಸರ್, ನನ್ನ ಮಗಳು ಅಲ್ಲೇ ಒಂಬತ್ತನೇ ಕ್ಲಾಸು. ಬೆಳಿಗ್ಗೆ ನೀರಿನ ಬಾಟ್ಲಿ ತುಂಬಿಸಿ ಕಳಿಸ್ತೀನಿ, ಸಂಜೆ ಅದು ಹಂಗೇ ತುಂಬಿದ್ದು ವಾಪಸ್ ಬರುತ್ತೆ. ಯಾಕಮ್ಮಾ ಅಂದ್ರೆ, ಕುಡಿದ್ರೆ ಬಾತ್‌ರೂಮಿಗೆ ಹೋಗಬೇಕಾಗುತ್ತಲ್ಲ ಅಂತಾಳೆ. ಮುಟ್ಟಾದಾಗ ಮೂರು ದಿನ ಸ್ಕೂಲೇ ಇಲ್ಲ. ಇನ್ನೇನು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಸ್ಪೆಷಲ್ ಕ್ಲಾಸ್ ಶುರು. ಆರು ಗಂಟೆವರೆಗೂ ಹೆಂಗೆ ತಡ್ಕೊಂಡು ಕೂರ್ತಾವೆ ಆ ಹುಡುಗೀರು? ನಾನು 200 ಕೊಡ್ತೀನಿ. ಆದ್ರೆ ಅವಳ ಕ್ಲಾಸಿನ ಅರ್ಧ ಮಕ್ಕಳ ಮನೇಲಿ ಹಮಾಲಿ ಕೆಲಸ, ಮನೆಗೆಲಸ. ಅವ್ರನ್ನ ಕೇಳಬೇಡ್ರಿ. ಕೊಡೋಕಾಗದೆ ಇದ್ದವ್ರು ನಾಚಿಕೆಪಟ್ಟು ಸ್ಕೂಲ್ ಕಡೆ ತಲೆ ಹಾಕೋದನ್ನೇ ಬಿಡ್ತಾರೆ.

ಹಾರ್ಡ್‌ವೇರ್ ಅಣ್ಣ, 1ನೇ ಮೇನ್:
ಸರ್ಕಾರಿ ಶಾಲೆಗೆ ಸರ್ಕಾರನೇ ಮಾಡ್ಬೇಕಲ್ವಾ? ಕಂದಾಯ ಕಟ್ಟಲ್ವಾ ನಾವು? ಇವತ್ತು ನಾವು ಮೋಟ್ರು ಕೊಡಿಸಿದ್ರೆ ನಾಳೆ ಬೆಂಚೂ ನೀವೇ ಕೊಡಿಸ್ರಿ ಅಂತಾರೆ.

ನಿವೃತ್ತ ಮೇಷ್ಟ್ರು, 4ನೇ ಕ್ರಾಸ್:
ಅಣ್ಣ ಹೇಳೋದು ನ್ಯಾಯವಾಗಿದೆ. ಅದಕ್ಕೇ ಅರ್ಜಿ ಕೈಬಿಡೋದು ಬೇಡ. ಆದ್ರೆ ಅನುದಾನ ಬರೋ ತನಕ ಹುಡುಗೀರು ಬಾಯಾರಿ ಕೂರಬೇಕಾ?

ಕಾರ್ಯದರ್ಶಿಯವರೇ, ತಲಾ ಇಷ್ಟು ಅಂತ ನಿಗದಿ ಮಾಡೋ ಮಾತು ದಯವಿಟ್ಟು ಬಿಡ್ರಿ. 2022ರ ಅಕ್ಟೋಬರ್‌ನಲ್ಲಿ ಎಸ್‌ಡಿಎಂಸಿಯವರು, ಅಂದ್ರೆ ಶಾಲಾಭಿವೃದ್ಧಿ ಸಮಿತಿಯವರು, ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತಗೋಬಹುದು ಅಂತ ಇಲಾಖೆನೇ ಸುತ್ತೋಲೆ ಹೊರಡಿಸಿತ್ತು. ಸ್ವಇಚ್ಛೆ ಅಂತಲೇ ಇತ್ತು. ಆದ್ರೂ ರಾಜ್ಯದ ತುಂಬ ವಿರೋಧ ಎದ್ದು ಕೆಲವೇ ದಿನಕ್ಕೆ ವಾಪಸ್ ತಗೊಂಡ್ರು. ಕ್ಲಾಸಿನಲ್ಲಿ ಹೆಸರು ಕೂಗಿ ದುಡ್ಡು ಕೇಳೋಕೆ ಶುರುವಾದ್ರೆ ಸ್ವಇಚ್ಛೆ ಎಲ್ಲಿ ಉಳಿಯುತ್ತೆ?

ದುಡ್ಡು ಬಡಾವಣೆಯಿಂದ ಬರಲಿ. ಗಣೇಶನ ಪಟ್ಟಿಗೆ ಮನೆಮನೆ ತಿರುಗೋದು ನಮಗೆ ಹೊಸದಲ್ಲ. ನಮ್ಮ ದಾವಣಗೆರೆಯವರಿಗೆ ದಾನ ಮಾಡೋದೂ ಹೊಸದಲ್ಲ, ಸರ್ಕಾರಿ ಬಾಲಕಿಯರ ಕಾಲೇಜಿನ ಮೇಲೆ ರಾಜನಹಳ್ಳಿ ಸೀತಮ್ಮನವರ ಹೆಸರು ನೋಡಿಲ್ವಾ? ಪಾಲಕರಿಂದ ಬೇಕಾಗಿರೋದು ಬೇರೆ. ಅವ್ರು ಸಭೆಗೆ ಬರಬೇಕು. ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಗೇ ನಿಲ್ಲುತ್ತೆ, ನಿಜ. ಆದ್ರೆ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಅನ್ನೋ ಅದರ ಮಾತು ಹೈಸ್ಕೂಲಿಗೂ ಒಪ್ಪೋ ಮಾತೇ. ಗಂಡಸರೇ ಕೂತ ಸಭೇಲಿ ಹುಡುಗೀರ ಬಾತ್‌ರೂಮಿನ ವಿಷಯ ಯಾರು ಎತ್ತಬೇಕು?

ಹಾರ್ಡ್‌ವೇರ್ ಅಣ್ಣ, 1ನೇ ಮೇನ್:
ಸರಿ ಮೇಷ್ಟ್ರೇ. ಲೆಕ್ಕ ಯಾರು ಇಡ್ತಾರೆ? ಯಾರದೋ ಫೋನ್‌ಪೇ ನಂಬರಿಗೆ ಹಾಕ್ರಿ ಅಂದ್ರೆ ನಾನಂತೂ ಹಾಕಲ್ಲ.

ನಿವೃತ್ತ ಮೇಷ್ಟ್ರು, 4ನೇ ಕ್ರಾಸ್:
ಹಾಕಬೇಡ್ರಿ. ನೇರ ಎಸ್‌ಡಿಎಂಸಿ ಖಾತೆಗೆ ಹಾಕಿ ರಸೀದಿ ಇಸ್ಕೊಳ್ರಿ. ಇಲ್ಲಾಂದ್ರೆ ಸಾಮಾನೇ ಕೊಡಿಸಿ, ಸ್ಟಾಕ್ ರಿಜಿಸ್ಟರ್‌ನಲ್ಲಿ ಏರಿಸಿ ಅಂತ ಹೇಳ್ರಿ. ನನಗೆ ಎರಡನೇದೇ ಮೇಲು. ಖರ್ಚಿನ ಪಟ್ಟಿ ಶಾಲೆ ನೋಟಿಸ್ ಬೋರ್ಡಿನಲ್ಲೂ ಇಲ್ಲೂ ಹಾಕೋಣ. ಇನ್ನೊಂದು, ಹೆಡ್‌ಮೇಷ್ಟ್ರು ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್‌ನಲ್ಲಿ ಶಾಲೆಗೆ ಏನು ಬೇಕು ಅಂತ ನಮೂದಿಸಿದ್ರೆ, ಬೆಂಗಳೂರಲ್ಲಿರೋ ಹಳೇ ವಿದ್ಯಾರ್ಥಿಗಳೂ ಅಲ್ಲಿಂದಲೇ ಕೊಡಿಸಬಹುದು.

ಹೊಸ ಮನೆಯವರು, 5ನೇ ಕ್ರಾಸ್:
ನಮ್ಮ ಮಕ್ಕಳು ಪ್ರೈವೇಟ್ ಸ್ಕೂಲು. ನಾವೂ ಕೊಡಬೇಕಾ?

ಟೈಲರ್ ಅಂಗಡಿ ಅಕ್ಕ, 3ನೇ ಕ್ರಾಸ್:
ಬೇಕು ಅಂತ ಯಾರೂ ಹೇಳಲ್ಲ ತಮ್ಮಾ. ನಿಮ್ಮ ಮನೆ ಪಾತ್ರೆ ತೊಳೆಯೋ ಅಕ್ಕನ ಮಗಳೂ ಅಲ್ಲೇ ಓದೋದು. ಅಷ್ಟು ಗೊತ್ತಿರಲಿ ಅಂತ ಹೇಳಿದೆ.

ಹೊಸ ಮನೆಯವರು, 5ನೇ ಕ್ರಾಸ್:
ಗೊತ್ತಿರಲಿಲ್ಲ ಅಕ್ಕಾ. ಟ್ಯಾಂಕು ನಮ್ಮ ಕಡೆಯಿಂದ.

ಹಾರ್ಡ್‌ವೇರ್ ಅಣ್ಣ, 1ನೇ ಮೇನ್:
ಪೈಪು, ಫಿಟ್ಟಿಂಗ್ ಅಸಲು ಬೆಲೆಗೆ ಕೊಡ್ತೀನಿ. ಪ್ಲಂಬರ್ ನಮ್ಮ ಹುಡುಗನೇ, ಭಾನುವಾರ ಕಳಿಸ್ತೀನಿ. ಆದ್ರೆ ಬಿಇಒಗೆ ಅರ್ಜಿ ಹೋಗಲೇಬೇಕು.

ಸಂಘದ ಕಾರ್ಯದರ್ಶಿ, 2ನೇ ಮೇನ್:
ತಲಾ 200ರ ಮಾತು ಕೈಬಿಟ್ಟಿದ್ದೀವಿ. ಉಳಿದಿದ್ದು ಮೋಟ್ರು, ಅದಕ್ಕೆ ಬಡಾವಣೆಯಲ್ಲಿ ಪಟ್ಟಿ. ಶನಿವಾರ ಮಧ್ಯಾಹ್ನ ಸ್ಕೂಲ್ ಬಿಟ್ಟ ಮೇಲೆ ಅಲ್ಲೇ ಸಭೆ, ಹೆಡ್‌ಮೇಷ್ಟ್ರು ಒಪ್ಪಿದ್ದಾರೆ. ಅರ್ಜಿ ಮೇಷ್ಟ್ರು ಬರೀತಾರೆ, ಪಾಲಕರ ಸಹಿ ಅಲ್ಲೇ ಹಾಕಿಸೋಣ. ಮೋಟ್ರು ಕೂರೋವರೆಗೂ ದಿನಾ ಒಂದು ಟ್ಯಾಂಕರ್ ಕಳಿಸ್ರಿ ಅಂತ ಪಾಲಿಕೆಗೂ ಕೇಳ್ತೀವಿ. ಅಕ್ಕಾ, ತಾಯಂದಿರನ್ನ ಕರ್ಕೊಂಡು ಬರೋ ಜವಾಬ್ದಾರಿ ನಿಮ್ಮದು.

ಟೈಲರ್ ಅಂಗಡಿ ಅಕ್ಕ, 3ನೇ ಕ್ರಾಸ್:
ಕರ್ಕೊಂಡು ಬರ್ತೀನಿ ಸರ್. ಕೂಲಿಗೆ ಹೋಗೋರು ನಾಲ್ಕರ ಮೇಲೆನೇ ಬರೋದು. ಸಭೆ ನಾಲ್ಕೂವರೆಗೆ ಇಡ್ರಿ.

ಸಂಘದ ಕಾರ್ಯದರ್ಶಿ, 2ನೇ ಮೇನ್:
ಆಯ್ತು, ಶನಿವಾರ ನಾಲ್ಕೂವರೆ.